ಬೆರೆಸಿದ ಚೀಟಿ, ಬಿಡಿಸಿಟ್ಟ ಬೂತು

ತಮ್ಮನ ಮಗ ಅಮೆರಿಕದ ಇಂಡಿಯಾನಾ ರಾಜ್ಯದ ಟೆರ್ರೆ ಹೋಟ್ ಎಂಬ ಊರಿನಲ್ಲಿ ಓದುತ್ತಿದ್ದಾನೆ. 2024ರ ನವೆಂಬರಿನಲ್ಲಿ ಅಲ್ಲಿ ಅಧ್ಯಕ್ಷರ ಚುನಾವಣೆ ಮುಗಿದ ವಾರ ನನ್ನ ಫೋನಿಗೆ ಒಂದು ನಕ್ಷೆ ಕಳಿಸಿದ. ಇಡೀ ದೇಶವನ್ನು ಕೌಂಟಿಗಳಾಗಿ ತುಂಡು ಮಾಡಿ ಕೆಂಪು, ನೀಲಿ ಬಳಿದಿದ್ದರು. ಕೌಂಟಿ ಅಂದರೆ ನಮ್ಮ ತಾಲ್ಲೂಕು ಇದ್ದ ಹಾಗೆ; ಅಂಥವು ಮೂರು ಸಾವಿರಕ್ಕೂ ಹೆಚ್ಚಿವೆ. ಅವನಿರುವುದು ವೀಗೊ ಕೌಂಟಿಯಲ್ಲಿ. 1956ರಿಂದ 2016ರವರೆಗೆ ಪ್ರತಿ ಸಲವೂ ಅಧ್ಯಕ್ಷನಾದವನಿಗೇ ಅಲ್ಲಿ ಹೆಚ್ಚು ಓಟು ಬಿದ್ದಿತ್ತಂತೆ. ಆ ಹೆಸರು 2020ರಲ್ಲಿ ಹೋಯಿತು: ಕೌಂಟಿ ಟ್ರಂಪ್ ಕಡೆ ನಿಂತಿತು, ದೇಶ ಬೈಡನ್ ಅವರನ್ನು ಆರಿಸಿತು. ಕೆಂಟಕಿ ರಾಜ್ಯದ ಎಲಿಯಟ್ ಕೌಂಟಿಯ ಕತೆಯನ್ನೂ ಹೇಳಿದ. 1872ರಿಂದ 2012ರವರೆಗೆ ಒಂದು ಸಲವೂ ಡೆಮಾಕ್ರಟಿಕ್ ಪಕ್ಷ ಬಿಡದಿದ್ದ ಆ ಪುಟ್ಟ ಕೌಂಟಿ 2016ರಲ್ಲಿ ಟ್ರಂಪ್ ಕಡೆ ತಿರುಗಿತು. ಇಷ್ಟೆಲ್ಲ ಹೇಳಿದವನು ಕೊನೆಗೆ ಕೇಳಿದ: "ನಮ್ ಮಧುಗಿರಿದು ಯಾವ್ ಬಣ್ಣ, ದೊಡ್ಡಪ್ಪ?"

ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ನಮ್ಮೂರು ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯದು. ಮೂವತ್ತು ವರ್ಷಕ್ಕೂ ಮೇಲೆ ಮೇಷ್ಟರ ಕೆಲಸ ಮಾಡಿ 2025ರಲ್ಲಿ ನಿವೃತ್ತನಾದೆ. ಆ ಅವಧಿಯಲ್ಲಿ ಚುನಾವಣೆ ಡ್ಯೂಟಿ ಹಾಕಿಸಿಕೊಂಡು ಸುತ್ತಲಿನ ಸಿರಾ, ಕೊರಟಗೆರೆ, ಪಾವಗಡ ಮೂರೂ ತಾಲ್ಲೂಕಿನ ಶಾಲೆಗಳ ಸಿಮೆಂಟು ನೆಲದ ಮೇಲೆ ಮಲಗಿದ್ದೇನೆ. ಆದರೂ ಬಣ್ಣ ಹೇಳಲಾಗಲಿಲ್ಲ. ಒಂದು ಹಾಳೆ ತೆಗೆದುಕೊಂಡು ಬರೆಯುತ್ತ ಹೋದೆ.

2013ರ ವಿಧಾನಸಭೆ: ಮಧುಗಿರಿ, ಸಿರಾ ಕಾಂಗ್ರೆಸ್ಸಿಗೆ, ಕೊರಟಗೆರೆ, ಪಾವಗಡ ಜೆಡಿಎಸ್ಸಿಗೆ. 2018: ಮಧುಗಿರಿ, ಸಿರಾ ಜೆಡಿಎಸ್ಸಿಗೆ, ಕೊರಟಗೆರೆ, ಪಾವಗಡ ಕಾಂಗ್ರೆಸ್ಸಿಗೆ. ನಾಲ್ಕಕ್ಕೆ ನಾಲ್ಕೂ ಮಗುಚಿಕೊಂಡಿವೆ, ಆದರೆ ಪಕ್ಷಗಳ ಲೆಕ್ಕ ಎರಡೂ ಸಲ ಎರಡೆರಡೇ. 2023ರಲ್ಲಿ ನಾಲ್ಕೂ ಕಾಂಗ್ರೆಸ್ಸಿಗೆ. ವರ್ಷ ತುಂಬುವಷ್ಟರಲ್ಲಿ, 2024ರ ಲೋಕಸಭೆಗೆ, ಮಧುಗಿರಿ ಮತ್ತು ಕೊರಟಗೆರೆ ಸೇರಿರುವ ತುಮಕೂರು ಕ್ಷೇತ್ರದಲ್ಲಿ ಬಿಜೆಪಿಯ ವಿ. ಸೋಮಣ್ಣ ಗೆದ್ದರು. ಸಿರಾ, ಪಾವಗಡ ಸೇರಿರುವ ಚಿತ್ರದುರ್ಗ ಕ್ಷೇತ್ರದಲ್ಲೂ ಬಿಜೆಪಿಯ ಗೋವಿಂದ ಕಾರಜೋಳ ಗೆದ್ದರು. ಹಾಗಂತ ಈ ನಾಲ್ಕು ವಿಧಾನಸಭಾ ಕ್ಷೇತ್ರಗಳು ಬಿಜೆಪಿಯ ಶಾಸಕರನ್ನು ಆರಿಸಿದ್ದು ಒಂದೇ ಒಂದು ಸಲ, 2020ರ ಸಿರಾ ಉಪಚುನಾವಣೆಯಲ್ಲಿ. ಇದಕ್ಕೆ ಯಾವ ಬಣ್ಣ ಬಳಿಯುವುದು?

ಅಮೆರಿಕದ ಲೆಕ್ಕದಲ್ಲಿ ಒಂದು ಕೌಂಟಿ ಪಕ್ಷ ಬದಲಿಸಿದರೆ ಅದು ತಲೆಮಾರಿನ ಸುದ್ದಿ. ನಮ್ಮಲ್ಲಿ ಐದು ವರ್ಷಕ್ಕೊಮ್ಮೆ ಬದಲಾಗುವುದೇ ರೂಢಿ. ಹಾಗಾಗಿ ಯಾವ ಪಕ್ಷಕ್ಕೆ ಬಿತ್ತು ಎನ್ನುವುದಷ್ಟನ್ನೇ ಹಿಡಿದು ಹೊರಟರೆ ನಮ್ಮ ಕಡೆ ನಲವತ್ತು ವರ್ಷದಲ್ಲಿ ಏನು ಬದಲಾಯಿತು ಎನ್ನುವುದು ಸಿಕ್ಕುವುದಿಲ್ಲ. ಬದಲಾದದ್ದು ಬೇರೆ: ಓಟು ಯಾರ ಕೈಯಲ್ಲಿತ್ತು, ಅದು ಯಾರ ಕಣ್ಣಿಗೆ ಬೀಳುತ್ತಿತ್ತು ಎನ್ನುವುದು.

ನನಗೆ ಚೆನ್ನಾಗಿ ನೆನಪಿರುವ ಮೊದಲ ಚುನಾವಣೆ 1984ರ ಡಿಸೆಂಬರಿನದು. ಇಂದಿರಾ ಗಾಂಧಿ ಸತ್ತು ಎರಡು ತಿಂಗಳೂ ಆಗಿರಲಿಲ್ಲ. ನನಗೆ 19, ಆಗ ಓಟಿಗೆ 21 ತುಂಬಬೇಕಿತ್ತು. ಊರಿನಲ್ಲಿ ತೀರ್ಮಾನ ಆಗುತ್ತಿದ್ದದ್ದು ಯಜಮಾನರ ಮನೆಯ ಜಗಲಿಯಲ್ಲಿ. ಚುನಾವಣೆಗೆ ಎರಡು ದಿನ ಮುಂಚೆ ಸಂಜೆ ನಾಲ್ಕಾರು ಮನೆಯ ಹಿರಿಯರು ಕೂರುತ್ತಿದ್ದರು, ಎಲೆಅಡಿಕೆ ತಟ್ಟೆ ಒಂದು ಸುತ್ತು ಬರುವುದರೊಳಗೆ "ಈ ಸಲ ಇಂಥದಕ್ಕೆ" ಅಂತ ಆಗಿಬಿಡುತ್ತಿತ್ತು. ಅಪ್ಪ ಮನೆಗೆ ಬಂದು ಅವ್ವನಿಗೆ ಗುರುತು ಹೇಳುತ್ತಿದ್ದರು. ಕೇರಿಯವರಿಗೆ ಅದನ್ನೂ ಕೂರಿಸಿ ಹೇಳುತ್ತಿರಲಿಲ್ಲ. ಹೊಲದ ಕೆಲಸಕ್ಕೆ ಬಂದವರಿಗೆ ನಿಂತಲ್ಲೇ ಹೇಳಿ ಕಳಿಸುತ್ತಿದ್ದರು. ಓಟಿನ ದಿನ ಯಜಮಾನರ ಗಾಡಿಯೇ ಕೇರಿಯ ಮುಂದೆ ನಿಲ್ಲುತ್ತಿತ್ತು. ಗಾಡಿ ಹತ್ತುವುದಿಲ್ಲ ಎಂದವನಿಗೆ ಮಾರನೆಯ ದಿನ ಕೂಲಿ ಇರುತ್ತಿರಲಿಲ್ಲ. ಜೀತ ನಿಷೇಧದ ಕಾಯ್ದೆ 1976ರಲ್ಲೇ ಬಂದಿತ್ತು. ಸಾಲಕ್ಕೆ ದುಡಿಯುವ ಆಳುಗಳು ಆಮೇಲೂ ನಮ್ಮ ಸುತ್ತಿನಲ್ಲಿದ್ದರು. ಅಂಥವರ ಓಟನ್ನು ಅವರದೇ ಓಟು ಎಂದು ನಾನು ಇವತ್ತಿಗೂ ಕರೆಯಲಾರೆ.

ಆ ಡಿಸೆಂಬರಿನಲ್ಲಿ ಜಗಲಿ ಹೇಳಿದ್ದು ಕೈ ಗುರುತು. ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ತಮ್ಮ ಜನತಾ ಪಕ್ಷವನ್ನು ಜನ ಒಪ್ಪಲಿಲ್ಲವೆಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆ ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜಗಲಿ ಜನತಾ ಪಕ್ಷದ ನೇಗಿಲು ಹೊತ್ತ ರೈತನ ಗುರುತು ಹೇಳಿತು. ಜನತಾ ಪಕ್ಷ 224ರಲ್ಲಿ 139 ಗೆದ್ದಿತು. ಮೂರು ತಿಂಗಳೊಳಗೆ ಹೀಗೆ ತಿರುಗಿದ್ದು ಯಾಕೆ ಅಂತ ಅಪ್ಪನನ್ನು ಕೇಳಿದೆ. "ಅದು ದಿಲ್ಲಿಗೆ ಹಾಕಿದ್ದು, ಇದು ನಮಗೆ ಹಾಕ್ಕೊಂಡಿದ್ದು" ಅಂದರು. ಎಂಪಿ ಎಲೆಕ್ಷನ್ನೇ ಬೇರೆ, ಎಮ್ಮೆಲ್ಲೆ ಎಲೆಕ್ಷನ್ನೇ ಬೇರೆ ಎನ್ನುವ ಲೆಕ್ಕ ಅವತ್ತಿನಿಂದ ಇವತ್ತಿನವರೆಗೂ ನಮ್ಮ ಕಡೆ ಮುರಿದಿಲ್ಲ. 2013ರಲ್ಲಿ ರಾಜ್ಯ ಕಾಂಗ್ರೆಸ್ಸಿಗೆ 122 ಶಾಸಕರನ್ನು ಕೊಟ್ಟು ಮರುವರ್ಷ 9 ಸಂಸದರನ್ನು ಕೊಟ್ಟಿತು. 2023ರಲ್ಲಿ 135 ಕೊಟ್ಟು ಮರುವರ್ಷ ಮತ್ತೆ 9ನ್ನೇ ಕೊಟ್ಟಿತು. ಟಿವಿಯಲ್ಲಿ ಕುಳಿತವರು ಇದನ್ನು ಹೊಸ ಜಾಣತನವೆಂಬಂತೆ ವಿವರಿಸುವಾಗ ನನಗೆ ಅಪ್ಪನ ಮಾತು ನೆನಪಾಗುತ್ತದೆ. ಓದು ಬರಹ ಬಾರದ ಮನುಷ್ಯ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದರು.

ನನ್ನ ಮೊದಲ ಓಟು 1989ರ ನವೆಂಬರಿನಲ್ಲಿ. ಅದೇ ವರ್ಷ ಓಟಿನ ವಯಸ್ಸನ್ನು 18ಕ್ಕೆ ಇಳಿಸಿದ್ದರಿಂದ ತಮ್ಮನದೂ ಅವತ್ತೇ ಮೊದಲ ಓಟು. ನನಗೆ 24, ಅವನಿಗೆ 18. ವಿಧಾನಸಭೆ, ಲೋಕಸಭೆ ಎರಡೂ ಒಟ್ಟಿಗೇ ಬಂದಿದ್ದವು. ಒಬ್ಬೊಬ್ಬರಿಗೆ ಎರಡೆರಡು ಚೀಟಿ. ರಾಜ್ಯದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು, ಲೋಕಸಭೆಯಲ್ಲಿ 28ಕ್ಕೆ 27. ಮಧುಗಿರಿ ಆಗ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕ್ಷೇತ್ರ, ಅಲ್ಲಿ ಗೆದ್ದವರು ಡಾ. ಜಿ. ಪರಮೇಶ್ವರ. ಅದು ಅವರ ಮೊದಲ ಗೆಲುವು. 1994ರಲ್ಲಿ ಕ್ಷೇತ್ರ ಜನತಾದಳದ ಗಂಗಹನುಮಯ್ಯ ಅವರ ಪಾಲಾಯಿತು. 1999ರಲ್ಲಿ ಪರಮೇಶ್ವರ ಅದೇ ಗಂಗಹನುಮಯ್ಯ ಅವರನ್ನು 55 ಸಾವಿರಕ್ಕೂ ಮಿಕ್ಕಿದ ಅಂತರದಿಂದ ಸೋಲಿಸಿದರು. 2004ರಲ್ಲಿ ಮತ್ತೆ ಗೆದ್ದರು.

ಮೀಸಲು ಕ್ಷೇತ್ರವೆಂದರೆ ದಲಿತರ ಓಟೇ ಅಲ್ಲಿ ನಡೆಯುತ್ತದೆ ಎಂದುಕೊಳ್ಳುವವರಿದ್ದಾರೆ. ನಾನು ಕಂಡದ್ದು ಹಾಗಲ್ಲ. ಇಬ್ಬರು ಮೂವರು ದಲಿತ ಅಭ್ಯರ್ಥಿಗಳಲ್ಲಿ ಯಾರು ಎನ್ನುವುದನ್ನು ಮೇಲಿನ ಜಗಲಿಗಳೇ ತೀರ್ಮಾನಿಸುತ್ತಿದ್ದವು. ಅಭ್ಯರ್ಥಿ ಜಗಲಿಯ ಮುಂದೆ ನಿಂತು ಕೈ ಮುಗಿಯುತ್ತಿದ್ದರು. ಮೇಲೆ ಬನ್ನಿ ಎನ್ನುವ ಮಾತು ಎಲ್ಲ ಊರಿನಲ್ಲೂ ಬರುತ್ತಿರಲಿಲ್ಲ. ಇದು ಹಳೆಯ ಕಾಲಕ್ಕೇ ಮುಗಿದ ಸಂಗತಿಯಲ್ಲ. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ಅವರನ್ನು ದಲಿತರೆಂಬ ಕಾರಣಕ್ಕೆ ಪಾವಗಡ ತಾಲ್ಲೂಕಿನ ಒಂದು ಹಟ್ಟಿಯೊಳಗೆ ಬಿಡಲಿಲ್ಲ. ಗೆದ್ದು ನಾಲ್ಕೇ ತಿಂಗಳಾಗಿತ್ತು. ತಮ್ಮ ಕ್ಷೇತ್ರದ ಊರಿನ ಹೊರಗೆ ಸಂಸದರು ನಿಂತಿದ್ದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದಾಗ ಮೂವತ್ತು ವರ್ಷದ ಹಿಂದಿನ ಜಗಲಿ ಕಣ್ಣಿಗೆ ಬಂತು.

2008ರಲ್ಲಿ ಕ್ಷೇತ್ರಗಳ ಗಡಿಯನ್ನೇ ಮರುವಿಂಗಡಿಸಿದರು. ಮಧುಗಿರಿ ಸಾಮಾನ್ಯ ಕ್ಷೇತ್ರವಾಯಿತು, ಕೊರಟಗೆರೆ ಮೀಸಲಾಯಿತು. ಕಳ್ಳಂಬೆಳ್ಳ, ಬೆಳ್ಳಾವಿ ಎಂಬ ಎರಡು ಕ್ಷೇತ್ರಗಳು ಇಲ್ಲವಾದವು. ನಮ್ಮ ತಾಲ್ಲೂಕಿನದೇ ಪುರವರ ಹೋಬಳಿ ಓಟಿನ ಲೆಕ್ಕಕ್ಕೆ ಕೊರಟಗೆರೆಗೆ ಸೇರಿತು. ಜನ ಇದ್ದಲ್ಲೇ ಇದ್ದರು, ನಾಯಕರು ಗುಳೆ ಎದ್ದರು. ಪರಮೇಶ್ವರ ಮಧುಗಿರಿಯಿಂದ ಕೊರಟಗೆರೆಗೆ ಹೋದರು. ಟಿ.ಬಿ. ಜಯಚಂದ್ರ ಕಳ್ಳಂಬೆಳ್ಳದಿಂದ ಸಿರಾಕ್ಕೆ ಬಂದರು. ಬೆಳ್ಳಾವಿಯಲ್ಲಿ ಜೆಡಿಎಸ್‌ನಿಂದ ಗೆದ್ದಿದ್ದ ಕೆ.ಎನ್. ರಾಜಣ್ಣ ಕಾಂಗ್ರೆಸ್ಸಿನಿಂದ ಮಧುಗಿರಿಗೆ ಬಂದರು. ಕೊರಟಗೆರೆಯ ಶಾಸಕರಾಗಿದ್ದ ಚನ್ನಿಗಪ್ಪನವರ ಮಗ ಗೌರಿಶಂಕರ್ 2008ರಲ್ಲಿ ಮಧುಗಿರಿಯಿಂದ ಗೆದ್ದು, ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋದರು. ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಅನಿತಾ ಕುಮಾರಸ್ವಾಮಿ ಗೆದ್ದರು. ಒಂದೇ ವರ್ಷದಲ್ಲಿ ಎರಡು ಸಲ ಬೆರಳಿಗೆ ಶಾಯಿ. ನಮ್ಮ ಓಟು ಬದಲಾಯಿತು ಎಂದು ಲೆಕ್ಕ ಹಾಕುವವರು ನಮ್ಮ ಮುಂದೆ ಇಟ್ಟ ತಟ್ಟೆಯೇ ಬದಲಾಗಿತ್ತು ಎನ್ನುವುದನ್ನು ಮರೆಯಬಾರದು.

ಇನ್ನು ಎಣಿಕೆಯ ವಿಚಾರ. ನಾನು ಈ ಬರಹಕ್ಕೆ ಕೂತದ್ದೇ ಅದಕ್ಕಾಗಿ.

ತೊಂಬತ್ತರ ದಶಕದಲ್ಲಿ ಎಣಿಕೆ ಡ್ಯೂಟಿಗೆ ಹೋದಾಗ ನೋಡಿದ್ದು ಹೀಗಿತ್ತು. ಡಬ್ಬಗಳ ಅರಗಿನ ಮುದ್ರೆ ಒಡೆದು, ಒಳಗಿನ ಚೀಟಿ ಎಷ್ಟು ಎಂದಷ್ಟೇ ಮೊದಲು ಎಣಿಸುತ್ತಿದ್ದೆವು. ಆಮೇಲೆ ಬೇರೆ ಬೇರೆ ಬೂತಿನ ಚೀಟಿಗಳ ಕಟ್ಟುಗಳನ್ನು ದೊಡ್ಡ ಡ್ರಮ್ಮಿಗೆ ಹಾಕಿ ಬೆರೆಸುತ್ತಿದ್ದರು. ಬೆರೆಸಿದ ಮೇಲೆ ಮೇಜಿಗೆ ಹಂಚಿ, ಗುರುತಿನ ಪ್ರಕಾರ ಬೇರ್ಪಡಿಸಿ ಎಣಿಸುವುದು. ರಾತ್ರಿಯೆಲ್ಲ ನಡೆಯುತ್ತಿತ್ತು, ಠಸ್ಸೆ ಎರಡು ಗುರುತಿನ ನಡುವಿನ ಗೆರೆಯ ಮೇಲೆ ಬಿದ್ದಿದ್ದರೆ ಏಜೆಂಟರ ಕೂಗಾಟ ಬೇರೆ. ನಿದ್ದೆಗೆಟ್ಟು ಸಾಕಾಗಿದ್ದ ನಮಗೆ ಅವತ್ತು ಆ ಡ್ರಮ್ಮು ಇನ್ನೊಂದು ಕೆಲಸವಾಗಿ ಕಂಡಿತ್ತೇ ಹೊರತು ಅದರ ಬೆಲೆ ತಿಳಿದಿರಲಿಲ್ಲ. ಬೆರೆತ ಮೇಲೆ ಯಾವ ಚೀಟಿ ದೊಡ್ಡೇರಿಯದು, ಯಾವುದು ಮಿಡಿಗೇಶಿಯದು, ಯಾವುದು ಐ.ಡಿ.ಹಳ್ಳಿಯದು ಎಂದು ಯಾರೂ ಹೇಳುವಂತಿರಲಿಲ್ಲ. ಗೆದ್ದವರು ಅಂದಾಜು ಮಾಡಬಹುದಿತ್ತು, ಅಷ್ಟೆ.

2004ರಲ್ಲಿ ದೇಶಕ್ಕೆಲ್ಲ ಮತಯಂತ್ರ ಬಂತು. ಅದರಿಂದ ಆದ ಒಳ್ಳೆಯದು ಬಹಳ. ಡಬ್ಬಕ್ಕೆ ನೀರು ಹೊಯ್ಯುವುದು, ಕಟ್ಟುಗಟ್ಟಲೆ ಠಸ್ಸೆ ಒತ್ತುವುದು ನಿಂತಿತು, ತಿರಸ್ಕೃತ ಓಟು ಇಲ್ಲವಾಯಿತು, ಮಧ್ಯಾಹ್ನದೊಳಗೆ ಫಲಿತಾಂಶ ಬರುವಂತಾಯಿತು. ಆದರೆ ಯಂತ್ರ ಬೂತಿಗೊಂದು. ಗುಂಡಿ ಒತ್ತಿದರೆ ಆ ಬೂತಿನ ಲೆಕ್ಕ ಅಭ್ಯರ್ಥಿವಾರು ಬಿಚ್ಚಿಕೊಳ್ಳುತ್ತದೆ. ಅದೆಲ್ಲ ನಮೂನೆ 20 ಎಂಬ ಪಟ್ಟಿಯಾಗಿ ಪ್ರಕಟವಾಗುತ್ತದೆ. ಒಂದು ಬೂತೆಂದರೆ ನಮ್ಮ ಕಡೆ ಒಂದು ಊರು, ಅದರ ಜೊತೆಗೆ ಒಂದು ಹಟ್ಟಿ ಅಥವಾ ಕೇರಿ; ಸಾವಿರದ ಆಸುಪಾಸಿನ ಓಟು. ಯಾವ ಊರು ಯಾರಿಗೆ ಹಾಕಿತು ಎನ್ನುವುದು ಈಗ ಸಂತೆಯ ಮಾತು. "ನಮ್ಮೂರಲ್ಲಿ ಇಷ್ಟು ಲೀಡು ಕೊಟ್ವಿ" ಎನ್ನುವುದು ಹಳ್ಳಿಯ ಪುಢಾರಿಯ ಬಂಡವಾಳವಾಯಿತು. ಲೀಡು ಕೊಡದ ಊರು ಏನಾಗುತ್ತದೆ?

ಒಂದು ಚುನಾವಣೆಯಾದ ಮಳೆಗಾಲದಲ್ಲಿ ನಮ್ಮ ಹಳ್ಳದ ಮೋರಿ ಕೊಚ್ಚಿಹೋಯಿತು. ಶಾಲೆ ಮಕ್ಕಳು ಸೊಂಟದುದ್ದ ನೀರಿನಲ್ಲಿ ದಾಟಬೇಕಾಗಿತ್ತು. ಊರಿನ ಏಳೆಂಟು ಜನ ಅರ್ಜಿ ಹಿಡಿದು ನಾಯಕರೊಬ್ಬರ ಮನೆಗೆ ಹೋದೆವು. ಅವರ ಕಡೆಯವರು ಅರ್ಜಿ ಓದುವ ಮೊದಲು ಊರಿನ ಹೆಸರು ಕೇಳಿ, ಒಳಗಿಂದ ಹಾಳೆಗಳ ಕಟ್ಟು ತಂದು, ನಮ್ಮ ಬೂತಿನ ಸಾಲಿನ ಮೇಲೆ ಬೆರಳಿಟ್ಟು ನಮ್ಮ ಮುಖ ನೋಡಿದರು. ಬೈಯಲಿಲ್ಲ, ಏನೂ ಹೇಳಲಿಲ್ಲ. ಆ ಮೋರಿ ಆಗಲು ನಾಲ್ಕು ವರ್ಷ ಹಿಡಿಯಿತು. ವಾಪಸು ಬರುವಾಗ ನಮ್ಮ ಜೊತೆಗೆ ಬಂದಿದ್ದ ಕೇರಿಯ ಹುಡುಗನೊಬ್ಬ ಹೇಳಿದ ಮಾತು ಮರೆತಿಲ್ಲ: "ನಾನ್ ಅವ್ರಿಗೇ ಹಾಕಿದ್ದೆ ಸಾ. ಆದ್ರೆ ಆ ಹಾಳೇಲಿ ನನ್ ಹೆಸ್ರಿಲ್ವಲ್ಲ."

ಚುನಾವಣಾ ಆಯೋಗಕ್ಕೆ ಇದು ಗೊತ್ತಿಲ್ಲದ್ದಲ್ಲ. ಹದಿನಾಲ್ಕು ಯಂತ್ರಗಳ ಲೆಕ್ಕವನ್ನು ಒಟ್ಟಿಗೇ ಕೂಡಿಸಿ ತೋರಿಸುವ ಟೋಟಲೈಸರ್ ಎಂಬ ಸಾಧನ ಬಳಸೋಣ ಎಂದು ಆಯೋಗ 2008ರಲ್ಲೇ ಹೇಳಿತು. ಕಾನೂನು ಆಯೋಗ 2015ರ ತನ್ನ 255ನೆಯ ವರದಿಯಲ್ಲಿ ಅದನ್ನು ಎತ್ತಿಹಿಡಿಯಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಬೂತಿನ ಲೆಕ್ಕ ಗೊತ್ತಾದರೆ ಎಲ್ಲಿ ಇನ್ನೂ ಕೆಲಸ ಮಾಡಬೇಕೆಂದು ಪಕ್ಷಗಳಿಗೆ ತಿಳಿಯುತ್ತದೆ ಎನ್ನುವ ವಾದವೂ ಇದೆ. ನಮ್ಮ ಹಳ್ಳದ ದಡದಲ್ಲಿ ನಿಂತು ಆ ವಾದವನ್ನು ಒಪ್ಪಿಕೊಳ್ಳುವುದು ನನ್ನಿಂದ ಆಗುವುದಿಲ್ಲ. ಡ್ರಮ್ಮು ಬೇಕು, ಯಂತ್ರದೊಳಗಾದರೂ ಸರಿ.

ಹಾಗೆಂದು ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆಗ ಊರಿನ ಓಟು ಹೊರಗಿನವರಿಗೆ ಕಾಣುತ್ತಿರಲಿಲ್ಲ, ಆದರೆ ಒಳಗೆ ಯಾರಿಗೂ ಮರೆಯಿರಲಿಲ್ಲ. ಯಜಮಾನರಿಗೆ ಪ್ರತಿ ಮನೆಯ ಲೆಕ್ಕ ಗೊತ್ತಿತ್ತು. ಈಗ ಊರಿನ ಒಟ್ಟು ಲೆಕ್ಕ ಹೊರಗೆ ಬಯಲು, ಮನೆಯೊಳಗಿನದು ಮನೆಯವರಿಗೇ ಗೊತ್ತಿಲ್ಲ. ಜಗಲಿ ಕೂರುವುದು ನಿಂತು ಇಪ್ಪತ್ತು ವರ್ಷವಾಯಿತು. ಅದನ್ನು ಯಾರೂ ಹೋರಾಡಿ ನಿಲ್ಲಿಸಲಿಲ್ಲ. ಬಾವಿ ಬತ್ತಿದವು, ಬೋರು ಸಾವಿರ ಅಡಿಗೆ ಹೋಯಿತು, ಕಡಲೆಕಾಯಿ ಬಿತ್ತಿದ ದುಡ್ಡೂ ಬಾರದಾಯಿತು. ಯಜಮಾನರ ಹೊಲದಲ್ಲೇ ಕೂಲಿ ಇಲ್ಲದ ಮೇಲೆ ಕೂಲಿ ತಪ್ಪಿಸುತ್ತೇನೆಂದು ಹೆದರಿಸುವುದು ಹೇಗೆ? ಕೇರಿಯ ಹುಡುಗರು ಬೆಂಗಳೂರಿನಲ್ಲಿ ಗಾರೆ ಕೆಲಸ, ಆಟೊ, ಸೆಕ್ಯುರಿಟಿ ಅಂತ ಸೇರಿಕೊಂಡರು. ಯಜಮಾನರ ಮೊಮ್ಮಕ್ಕಳೂ ಅಲ್ಲೇ ಇದ್ದಾರೆ. ಓಟಿಗೆ ಮುಂಚಿನ ರಾತ್ರಿ ಎಲ್ಲರೂ ಒಂದೇ ಬಸ್ಸಿನಲ್ಲಿ ಬಂದು ಇಳಿಯುತ್ತಾರೆ. ಬಸ್ಸು ಯಾವ ಅಭ್ಯರ್ಥಿ ಕಳಿಸಿದ್ದು ಎನ್ನುವುದಕ್ಕೂ ಓಟು ಯಾರಿಗೆ ಎನ್ನುವುದಕ್ಕೂ ಸಂಬಂಧವಿಲ್ಲ.

ಸಾಲ ಕೊಟ್ಟವರಿಗೆ ಓಟು ಎನ್ನುವ ಲೆಕ್ಕವೂ ಹಾಗೆಯೇ ಸಡಿಲವಾಗಿದೆ. ಕೆ.ಎನ್. ರಾಜಣ್ಣನವರ ಹೆಸರು ನಮ್ಮ ಜಿಲ್ಲೆಯಲ್ಲಿ ಡಿಸಿಸಿ ಬ್ಯಾಂಕಿನ ಜೊತೆಗೇ ಬರುತ್ತದೆ. ಸೊಸೈಟಿಗಳ ಮೂಲಕ ಬೆಳೆ ಸಾಲ ಮುಟ್ಟದ ಊರು ಕಡಿಮೆ. ಆದರೂ 2018ರಲ್ಲಿ ಮಧುಗಿರಿ ಅವರನ್ನು ಸುಮಾರು 18 ಸಾವಿರದ ಅಂತರದಲ್ಲಿ ಸೋಲಿಸಿ ಜೆಡಿಎಸ್‌ನ ಎಂ.ವಿ. ವೀರಭದ್ರಯ್ಯ ಅವರನ್ನು ಆರಿಸಿತು. 2023ರಲ್ಲಿ ಅದರ ಇಮ್ಮಡಿಗೆ ಹತ್ತಿರದ ಅಂತರದಲ್ಲಿ ರಾಜಣ್ಣನವರನ್ನೇ ಮತ್ತೆ ಕರೆಸಿತು. ಕೊರಟಗೆರೆ 2013ರಲ್ಲಿ ಇನ್ನೂ ಗಟ್ಟಿ ನಿರ್ಧಾರ ಮಾಡಿತು. ಪರಮೇಶ್ವರ ಆಗ ಕೆಪಿಸಿಸಿ ಅಧ್ಯಕ್ಷರು, ಪಕ್ಷ ರಾಜ್ಯ ಗೆದ್ದಿತ್ತು; ಕ್ಷೇತ್ರ ಮಾತ್ರ ಅವರನ್ನು 18,155 ಓಟಿನಿಂದ ಸೋಲಿಸಿ ಸುಧಾಕರಲಾಲ್ ಅವರನ್ನು ಕಳಿಸಿತು. ದೊಡ್ಡ ಹೆಸರಿನವರನ್ನು ಒಂದು ಅವಧಿ ಮನೆಯಲ್ಲಿ ಕೂರಿಸಿ ನೋಡುವುದು ನಮ್ಮ ಜನ ಕಲಿತ ವಿದ್ಯೆ. ಜಗಲಿಯ ಕಾಲದಲ್ಲಿ ಅದು ಜನರ ಕೈಯಲ್ಲಿರಲಿಲ್ಲ.

ಸಿರಾದಲ್ಲಿ 2020ರಲ್ಲಿ ನಡೆದದ್ದು ನೀರಿನ ಮಾತು. ಶಾಸಕ ಬಿ. ಸತ್ಯನಾರಾಯಣ ತೀರಿಕೊಂಡು ಉಪಚುನಾವಣೆ ಬಂತು. ಮದಲೂರು ಕೆರೆಗೆ ಹೇಮಾವತಿ ನೀರು ತುಂಬಿಸುತ್ತೇವೆ ಎಂಬ ಭರವಸೆ, ಚುನಾವಣೆಗೆ ಮುಂಚೆಯೇ ಘೋಷಣೆಯಾದ ಕಾಡುಗೊಲ್ಲ ಅಭಿವೃದ್ಧಿ ನಿಗಮ, ಇವೆರಡರ ಮೇಲೆ ಡಾ. ರಾಜೇಶ್ ಗೌಡ ಗೆದ್ದು ಬಿಜೆಪಿ ಮೊದಲ ಸಲ ಇಲ್ಲಿ ಖಾತೆ ತೆರೆಯಿತು. 2023ರಲ್ಲಿ ಜಯಚಂದ್ರ ವಾಪಸು ಬಂದರು. ಪಾವಗಡದ ದಾರಿ ಬೇರೆ. ಮೂರು ಕಡೆ ಆಂಧ್ರ, ಮನೆಯಲ್ಲಿ ತೆಲುಗು, ಕುಡಿಯುವ ನೀರಿನಲ್ಲಿ ಫ್ಲೋರೈಡು. 2008ರಲ್ಲಿ ಅದು ಪಕ್ಷಗಳನ್ನೆಲ್ಲ ಬಿಟ್ಟು ಪಕ್ಷೇತರ ವೆಂಕಟರಮಣಪ್ಪ ಅವರನ್ನು ಆರಿಸಿತ್ತು. ಅಲ್ಲಿಗೆ ಕೊನೆಯ ಸಲ ಡ್ಯೂಟಿಗೆ ಹೋದಾಗ ತಿರುಮಣಿಯ ಸೋಲಾರ್ ಪಾರ್ಕು ನೋಡಿದೆ. ಸುಮಾರು 13 ಸಾವಿರ ಎಕರೆ. ರೈತರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾದ ಗುತ್ತಿಗೆ. ಭೂಮಿ ಇದ್ದವರಿಗೆ ಮಳೆ ಬಂದರೂ ಬಾರದಿದ್ದರೂ ದುಡ್ಡು. ಅದೇ ಭೂಮಿಯಲ್ಲಿ ಕಳೆ ಕೀಳುತ್ತಿದ್ದವರಿಗೆ ಏನೂ ಇಲ್ಲ. ಇಬ್ಬರೂ ಒಂದೇ ಬೂತಿನ ಸಾಲಿನಲ್ಲಿ ನಿಂತಿದ್ದರು. ನಮೂನೆ 20 ಆ ಇಬ್ಬರನ್ನೂ ಒಂದೇ ಅಂಕಿಯಲ್ಲಿ ಬರೆಯುತ್ತದೆ.

ತಮ್ಮನ ಮಗನಿಗೆ ಇಷ್ಟನ್ನೂ ಬರೆದು ಕಳಿಸಿದೆ. ಅವನು ಮತ್ತೆ ಫೋನು ಮಾಡಿ, "ಅಜ್ಜಿ ಯಾರಿಗ್ ಹಾಕಿದ್ರು?" ಅಂದ.

ಅವ್ವನಿಗೆ ಆಗ 87. 85 ದಾಟಿದವರಿಗೆ ಮನೆಯಲ್ಲೇ ಓಟು ಹಾಕುವ ಅವಕಾಶವನ್ನು 2024ರ ಲೋಕಸಭೆಗೆ ಆಯೋಗ ಕೊಟ್ಟಿತ್ತು. ನಮೂನೆ 12ಡಿ ತುಂಬಿ ಕೊಟ್ಟಿದ್ದೆ. ಏಪ್ರಿಲ್ 26ರ ಮತದಾನಕ್ಕೆ ಮುಂಚೆಯೇ ಒಂದು ದಿನ ಸಿಬ್ಬಂದಿ ಜೀಪಿನಲ್ಲಿ ಬಂದರು. ನಡುಮನೆಯಲ್ಲಿ ರಟ್ಟಿನ ಮರೆ ಇಟ್ಟರು, ಕಾಗದದ ಚೀಟಿ ಕೊಟ್ಟರು. ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಅಪ್ಪ ತೀರಿಹೋಗಿ ಹದಿನೈದು ವರ್ಷವಾಗಿತ್ತು. ಅವರು ಹೋದ ಮೇಲೆ ಗುರುತು ಹೇಳುವ ಕೆಲಸ ನನಗೆ ಬಂದಿತ್ತು, ನಾನೂ ಅದನ್ನು ಮಾಡುತ್ತಲೇ ಬಂದಿದ್ದೆ ಎಂಬುದನ್ನು ಇಲ್ಲಿ ಬರೆಯದಿದ್ದರೆ ಸುಳ್ಳಾಗುತ್ತದೆ. ಈ ಸಲ ಹೇಳಲಿಲ್ಲ. ಅವ್ವ ಬಹಳ ಹೊತ್ತು ತೆಗೆದುಕೊಂಡಳು. ಲಕೋಟೆ ಅಂಟಿಸಿ ಡಬ್ಬಕ್ಕೆ ಹಾಕಿದರು. ಅಂಚೆ ಮತಗಳನ್ನು ಬೇರೆಯಾಗಿಯೇ ಎಣಿಸುತ್ತಾರೆ. ಅವು ಯಾವ ಬೂತಿನ ಸಾಲಿಗೂ ಸೇರುವುದಿಲ್ಲ.

ಜೀಪು ಹೋದ ಮೇಲೆ ಊರಿನ ಏಜೆಂಟು ಹುಡುಗ ಮತದಾರರ ಪಟ್ಟಿ ಹಿಡಿದುಕೊಂಡು ಬಂದ. ಪ್ರತಿ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಏನೋ ಗುರುತು ಮಾಡಿದ್ದ. "ಯಾವುದಕ್ ಒತ್ತಿದೆ ಅಜ್ಜಿ?" ಅಂದ.

"ಹಾಕಿದೀನ್ ಕಣಪ್ಪ" ಅಂದಳು ಅವ್ವ. ಮತ್ತೆ ಕೇಳಿದ್ದಕ್ಕೆ ಒಳಗೆ ಎದ್ದು ಹೋದಳು. ನನ್ನ ಕಡೆ ನೋಡಿದ. ನನಗೂ ಗೊತ್ತಿರಲಿಲ್ಲ.